ಕೆಎ ನಂಬರಿನ ಕೆಂಪು ಕಾರು

ಇದರಲ್ಲಿ ನಡೆದದ್ದೆಷ್ಟು, ನಾನೇ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೆ ಖಚಿತವಿಲ್ಲ. ತಮಿಳುನಾಡಿನ ಗಡಿಯಂಚಿನ ಮತ್ತಿಗಿರಿಯಲ್ಲಿ ನಮ್ಮ ಪಕ್ಕದ ಮನೆಯವರು ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದರು. ಬೆಂಗಳೂರಿನಿಂದ ತಂದ ಅವರ ಕೆಂಪು ಸ್ಪೋರ್ಟ್ಸ್ ಕಾರಿಗೆ ಎರಡೇ ಸೀಟು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕೂರುತ್ತಿದ್ದರು. ಬಾಗಿಲನ್ನು ಬಡಿಯದೆ, ಎರಡೂ ಅಂಗೈಗಳಿಂದ ಒತ್ತಿ ಮುಚ್ಚುತ್ತಿದ್ದರು. ಏನೇ ಮಾತು ಬಂದರೂ ಕೊನೆಗೆ, "ನ್ಯಾಯ ಅಂತ ಒಂದೈತಲ್ಲಪ್ಪ" ಎನ್ನುತ್ತಿದ್ದರು.

ಹೆಂಡತಿಯ ಎರಡೂ ಮಂಡಿಗಳ ಆಪರೇಷನ್ನಿಗೆಂದು ಕಾರು ಮಾರಲು ಹೊರಟರು. ಬೆಂಗಳೂರಿನಲ್ಲಿ ಅಂಥ ಕಾರುಗಳು ಎಷ್ಟಕ್ಕೆ ಹೋಗುತ್ತವೆಂದು ವಾರಗಟ್ಟಲೆ ವಿಚಾರಿಸಿ ಎಂಟು ಲಕ್ಷ ಎಂದು ಗೊತ್ತುಮಾಡಿದರು. ಕೃಷ್ಣಗಿರಿಯ ಮಾವಿನ ವ್ಯಾಪಾರಿಯೊಬ್ಬರು ಬಂದು, ಓಡಿಸಿ ನೋಡಿ, ಚೌಕಾಸಿಯಿಲ್ಲದೆ ಒಪ್ಪಿಬಿಟ್ಟರು. ಇವರು ಮಾತ್ರ ನಂಬರ್ ಪ್ಲೇಟನ್ನೇ ನೋಡುತ್ತ ನಿಂತರು.

"ತಡೀರಿ ಸಾರ್. ಇದು ಕೆಎ ಗಾಡಿ. ನಿಮ್ಮ ಹೆಸರಿಗೆ ಮಾಡಿಸ್ಬೇಕಂದ್ರೆ ತಮಿಳುನಾಡಿಗೆ ಮತ್ತೆ ಟ್ಯಾಕ್ಸ್ ಕಟ್ಬೇಕು. ನಾನು ಬೆಂಗ್ಳೂರು ರೇಟು ಹೇಳ್ಬುಟ್ಟೆ. ಆ ಟ್ಯಾಕ್ಸ್ ಕಳ್ದು ಕೊಡಿ."

ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದ ಹೆಂಡತಿ, "ಹಂಗಾದ್ರೆ ನಂಗೆ ಒಂದೇ ಕಾಲು ಮಾಡ್ಸಿ ಬುಡ್ರೀ! ನ್ಯಾಯವಾಗಿ ಕುಂಟ್ತೀನಿ" ಎಂದರು. ವ್ಯಾಪಾರಿ ನಕ್ಕರು. ಇವರು ನಗಲಿಲ್ಲ.

ವ್ಯಾಪಾರಿಗೆ ಟ್ಯಾಕ್ಸಿನ ವಿಷಯ ಮೊದಲೇ ಗೊತ್ತಿತ್ತೋ ಏನೋ. ಆ ಮಾತುಗಳು ಇದೇ ಕ್ರಮದಲ್ಲಿ ಬಂದವೆಂದೂ ನಾನು ಆಣೆ ಮಾಡಲಾರೆ. ಆಮೇಲೆ ಆಕೆಯನ್ನೇ ಕೇಳಿ ಖಚಿತಪಡಿಸಿಕೊಂಡದ್ದು ಇಷ್ಟೇ: ಆ ವರ್ಷ ಆಪರೇಷನ್ ಆದದ್ದು ಎಡ ಮಂಡಿಗೆ ಮಾತ್ರ.