ಹೊಟ್ಟೆಯಡಿಯ ಗಂಟು

ನನ್ನ ಬರೆಯುವ ಮೇಜಿನ ಮೇಲೆ, ಮಸಿಯ ಬಾಟಲಿಗೂ ಕನ್ನಡಕದ ಡಬ್ಬಿಗೂ ನಡುವೆ, ರಬ್ಬರು ಬೂಚಿನ ಒಂದು ಪುಟ್ಟ ಇಂಜೆಕ್ಷನ್ ಬಾಟಲಿ ಇದೆ. ಅದರೊಳಗಿನ ತಿಳಿ ದ್ರವದಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡದಾದ ಒಂದು ಕರಿಯ ಚೂರು ಮುಳುಗಿ ಕೂತಿದೆ. ನವಲಗುಂದದ ನಮ್ಮ ಮನೆಗೆ ಬಂದವರು ಅದನ್ನು ಹುಣಸೆಬೀಜವೆಂದೋ ಯಾವುದೋ ಊರಿನ ವೈದ್ಯರ ಬೇರೆಂದೋ ತಿಳಿಯುತ್ತಾರೆ, ನಾನೂ ಹೂಂಗುಟ್ಟಿ ಸುಮ್ಮನಾಗುತ್ತೇನೆ. ಧೂಳು ಒರೆಸುವಾಗಲೆಲ್ಲ ನನ್ನ ಹೆಂಡತಿ, "ಇದನ್ನೊಂದು ಒಗದರ ನಿಮ್ಮ ಗಂಟೇನು ಹೋಗ್ತೈತ್ರಿ?" ಎಂದು ಕೇಳುತ್ತಾಳೆ. ಅವಳಿಗೂ ನಾನು ಹೇಳಿಲ್ಲ. ಓದುಗ ಮಿತ್ರರೇ, ನಿಮ್ಮ ಮುಖ ನನಗೆ ಕಾಣುವುದಿಲ್ಲವಾದ್ದರಿಂದ ನಿಮಗೆ ಹೇಳುವ ಧೈರ್ಯ ಮಾಡಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಲಘಟಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರನಾಗಿದ್ದೆ. ಲಿಂಗ ಕಟ್ಟಿದ ಮನೆತನದವನು ನಾನು. ಮೀನೆಂದರೆ ಪಂಚಾಂಗದ ಹನ್ನೆರಡನೆಯ ರಾಶಿ, ಮತ್ತು ಪಠ್ಯಪುಸ್ತಕದ ಒಂದು ಚಿತ್ರ, ಅಷ್ಟೇ ನನಗೆ ಗೊತ್ತಿದ್ದದ್ದು. ನಮ್ಮ ಪ್ರಯೋಗಶಾಲೆಯ ಜವಾನರಾಗಿದ್ದವರು ತಂಬೂರು ಹಳ್ಳಿಯ ಇಮಾಮಸಾಬರು. ನನಗಿಂತ ಹದಿನೈದು ವರ್ಷ ಹಿರಿಯರು, ಓದಿದ್ದು ನಾಲ್ಕನೆಯ ಇಯತ್ತೆ. ಪ್ರಯೋಗಶಾಲೆಯ ಕೀಲಿಯನ್ನು ಅವರು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು, ಸಂತೆಗೆ ಹೋದರೂ ಬಿಚ್ಚುತ್ತಿರಲಿಲ್ಲ. ಊರವರು ಅವರನ್ನು 'ಲ್ಯಾಬಿನ ಇಮಾಮಸಾಬ' ಎಂದು ಕರೆದಾಗ ಅವರ ಬೆನ್ನು ಒಂದು ಗೇಣು ನೆಟ್ಟಗಾಗುತ್ತಿತ್ತು. ನಾನಾದರೋ ಎರಡು ಅಕ್ಷರ ಹೆಚ್ಚು ಕಲಿತ ಸೊಕ್ಕಿನಲ್ಲಿ ಅವರನ್ನು ಏಕವಚನದಲ್ಲಿ ಕೂಗುತ್ತಿದ್ದೆ.

ಅವರ ತಂಗಿಯ ಗಂಡ ಕಾರವಾರದಲ್ಲಿ, ಆಳ ಸಮುದ್ರಕ್ಕೆ ಹೋಗುವ ದೊಡ್ಡ ಬೋಟಿನಲ್ಲಿ ಅಡಿಗೆಯವನಾಗಿದ್ದ. ಒಮ್ಮೆ ಬಲೆಯಲ್ಲಿ ಬಂದ ವಿಕಾರ ಪ್ರಾಣಿಯೊಂದನ್ನು ಉಳಿದವರು ಅಪಶಕುನವೆಂದು ನೀರಿಗೆ ಎಸೆಯಹೊರಟಾಗ, ಬಾವನ ಸಾಲೆಗೆ ಬೇಕಾದೀತೆಂದು ಅವನು ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಹುಬ್ಬಳ್ಳಿ ಬಸ್ಸಿನಲ್ಲಿ ಬಾವನಿಗೆ ತಂದುಕೊಟ್ಟ. ಮರುದಿನ ಇಮಾಮಸಾಬರು ಡಬ್ಬಿಯ ಮುಚ್ಚಳ ತೆಗೆದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಒಂದು ಗೇಣಿಗಿಂತ ತುಸು ಉದ್ದದ ಮೀನು, ಬಾಣಲೆಯ ತಳದಂಥ ಕಪ್ಪು. ಹುರುಪೆಯೇ ಇಲ್ಲದ ತೊಗಲಿನ ಮೇಲೆ ಕೈಗೆ ಚುಚ್ಚುವ ಸಣ್ಣ ಮುಳ್ಳುಗಳು, ಮೇಲ್ಮುಖವಾಗಿ ತೆರೆದ ಬಾಯಿ, ಒಳಗೆ ಹೋದದ್ದು ಹೊರಗೆ ಬರದಂತೆ ಒಳಕ್ಕೇ ಬಾಗುವ ಹಲ್ಲುಗಳು. ಹಣೆಯ ಮೇಲೊಂದು ಗಾಳದ ಕೋಲು, ಅದರ ತುದಿಯಲ್ಲಿ ಗುಂಡನೆಯ ಮೊಗ್ಗು. ಸೂರ್ಯನೆಂಬುವನ ಸುದ್ದಿಯೇ ಇಲ್ಲದ ಆಳದಲ್ಲಿ ಈ ಮೊಗ್ಗು ಬೆಳಗುತ್ತದೆ, ಬೆಳಕಿಗೆ ಮರುಳಾಗಿ ಬಂದ ಜೀವ ನೇರ ಬಾಯೊಳಗೆ ಹೋಗುತ್ತದೆ. ಆ ಬೆಳಕಾದರೂ ಮೀನಿನದಲ್ಲ, ಮೊಗ್ಗಿನಲ್ಲಿ ಮನೆ ಮಾಡಿದ ಕಣ್ಣಿಗೆ ಕಾಣದ ಅಣುಜೀವಿಗಳದು. ಬೇರೆಯವರ ಬೆಳಕನ್ನು ಹಣೆಗೆ ಕಟ್ಟಿಕೊಂಡು ದೊಡ್ಡವರಾಗುವ ವಿದ್ಯೆಯನ್ನು ಮನುಷ್ಯರೇ ಕಂಡುಹಿಡಿದರೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಧಾರವಾಡದಿಂದ ದಪ್ಪನೆಯ ಪುಸ್ತಕವೊಂದನ್ನು ಎರವಲು ತಂದು ಗುರುತಿಸುವ ಕೆಲಸಕ್ಕೆ ಕೂತೆ. ಕೂತವನು ನಾನು, ಮುಟ್ಟಿದವರು ಇಮಾಮಸಾಬರು. ಊರ ಕೆರೆಯ ಮೀನನ್ನು ಚಿಕ್ಕಂದಿನಿಂದ ಹಸನು ಮಾಡಿದ ಆ ಬೆರಳುಗಳು ಕಿವಿರು ಎತ್ತಿ ತೋರಿಸಿದವು, ರೆಕ್ಕೆಯ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿದವು. ಬೆನ್ನ ಮೇಲೆ, ರೆಕ್ಕೆಯ ಮುಂದೆ, ಸಾಲಾಗಿ ಮೂರು ಸಣ್ಣ ಗಂಟುಗಳಿದ್ದವು. ಎರಡಿದ್ದರೆ ಒಂದು ಜಾತಿ, ಮೂರಿದ್ದರೆ ಇನ್ನೊಂದು ಎಂದು ಪುಸ್ತಕ ಹೇಳಿತು. ಮೂರೂ ಸಿಕ್ಕ ಸಂತೋಷಕ್ಕೆ ನಾನು ಮೇಜು ಗುದ್ದಿದೆ.

ಆದರೆ ಹೊಟ್ಟೆಯಡಿಯಲ್ಲಿ ನಾಲ್ಕನೆಯ ಗಂಟೊಂದು ಜೋತುಬಿದ್ದಿತ್ತು. ನನ್ನೆದುರಿನ ಚಿತ್ರದಲ್ಲಿ ಅದು ಇರಲಿಲ್ಲ.

ಇಮಾಮಸಾಬರು ಅದನ್ನು ಬೆರಳ ತುದಿಯಲ್ಲಿ ಎತ್ತಿ ಕಿಡಕಿಯ ಬೆಳಕಿಗೆ ಹಿಡಿದರು. "ಸರ, ಇದಕ್ಕ ಬಾಲ ಐತ್ರಿ. ಗಂಟಿಗೆ ಎಲ್ಲೆರೆ ಬಾಲ ಇರ್ತೈತೇನ್ರಿ? ಇದು ಇನ್ನೊಂದು ಮೀನು ನೋಡ್ರಿ, ಬಾಯಿ ಹಚ್ಚಿ ಹಂಗ ಕೂಡಿಬಿಟ್ಟೈತಿ."

ನಾನು ನಕ್ಕೆ. "ಪುಸ್ತಕದಾಗ ಇಲ್ಲೋ ಮಾರಾಯ. ಅದೇನೋ ರೋಗದ ಗಂಟು. ಕೊಯ್ದು ತಗಿ, ಚಂದ ಕಾಣಬೇಕು."

"ಇರ್ಲಿ ಬಿಡ್ರಿ ಸರ, ಅದರ ಪಾಡಿಗೆ ಅದು ಐತಿ," ಎಂದರು. ನಾನು ಮತ್ತೊಮ್ಮೆ, ಈ ಸಲ ನಗದೆ, ಹೇಳಿದೆ. ಅವರು ಕೊಯ್ದರು.

ನನ್ನ ಈ ಮೂರ್ಖತನಕ್ಕೆ ದೊಡ್ಡ ಇತಿಹಾಸವಿದೆ. ನಮ್ಮ ಸಾಲೆಗಳಲ್ಲಿ ಕಣ್ಣೆದುರಿನ ವಸ್ತು ಪುಸ್ತಕದ ಚಿತ್ರಕ್ಕೆ ಹೊಂದಬೇಕೇ ಹೊರತು ಚಿತ್ರ ವಸ್ತುವಿಗಲ್ಲ. ಎಸಳೊಂದು ಉದುರಿದ ದಾಸವಾಳವನ್ನು ಕೊಟ್ಟು ನೋಡಿ ಬರೆಯಿರಿ ಎಂದಾಗ, ಕಂಡಂತೆಯೇ ನಾಲ್ಕು ಎಸಳು ಬರೆದ ಹುಡುಗಿಗೆ ನಾನು ಅಂಕ ಕಡಿದಿದ್ದೇನೆ. ಹೂವಿನತ್ತ ಕಣ್ಣೆತ್ತದೆ ಪುಸ್ತಕದ ಐದು ಎಸಳನ್ನು ಇಳಿಸಿದವರಿಗೆ 'ಉತ್ತಮ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಮೀನನ್ನು ಗಾಜಿನ ಭರಣಿಯಲ್ಲಿ ಇಳಿಸಿ, 'ಸಂಗ್ರಹಿಸಿದವರು, ಗುರುತಿಸಿದವರು' ಎಂಬೆರಡರ ಮುಂದೆಯೂ ನನ್ನ ಹೆಸರನ್ನೇ ದುಂಡಗೆ ಬರೆದು ಚೀಟಿ ಅಂಟಿಸಿದೆ. ಭರಣಿ ಕರಾವಳಿಯ ಒಂದು ವಸ್ತುಸಂಗ್ರಹಾಲಯಕ್ಕೆ ಹೋಯಿತು.

ಎರಡು ತಿಂಗಳ ಮೇಲೆ ಅಲ್ಲಿಯ ತಜ್ಞರ ಪತ್ರ ಹೆಡ್ ಮಾಸ್ತರರ ಹೆಸರಿಗೆ ಬಂತು. ಮೀನು ಅಪರೂಪದ್ದು, ಗುರುತು ಸರಿಯಾಗಿದೆ, ಅಭಿನಂದನೆ. ಇಷ್ಟಕ್ಕೇ ನಿಲ್ಲಬಾರದಿತ್ತೇ? ಈ ಜಾತಿಯಲ್ಲಿ ಗಂಡು ಬೆರಳುದ್ದವೂ ಇರುವುದಿಲ್ಲ, ಹೆಣ್ಣು ಸಿಕ್ಕೊಡನೆ ಅದರ ಮೈಗೆ ಬಾಯಿ ಹಚ್ಚಿ, ತೊಗಲಿಗೆ ತೊಗಲು ಬೆಸೆದು, ಅದರ ರಕ್ತದಿಂದಲೇ ಬದುಕುತ್ತದೆ ಎಂದು ಪತ್ರ ಮುಂದುವರಿಯಿತು. ಹೊಟ್ಟೆಯಡಿಯಲ್ಲಿ ಹಾಗೆ ಕೂಡಿದ್ದ ಗಂಡನ್ನು ಯಾರೋ ಕೊಯ್ದಿರುವ ಗುರುತಿದೆ, ಅದೂ ಇದ್ದಿದ್ದರೆ ಈ ಮಾದರಿಯ ಮಹತ್ವವೇ ಬೇರೆಯಾಗುತ್ತಿತ್ತು. ಇಂಥ ಕೆಲಸ ಯಾರದು?

ಹೆಡ್ ಮಾಸ್ತರರು ಪತ್ರ ಓದಿ ಮುಗಿಸಿ ಅದೇ ಪ್ರಶ್ನೆಯನ್ನು ನನಗೆ ಕೇಳಿದರು. ಇಮಾಮಸಾಬರು ಬಾಗಿಲಲ್ಲಿಯೇ ನಿಂತಿದ್ದರು. ನಾನು ಹೇಳಿದ್ದು ಮೂರೇ ಶಬ್ದ: "ಇಮಾಮಸಾಬ ಕೊಯ್ದಾನ್ರಿ, ಸರ."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದಕ್ಕೇ ಅದು ಇಂದಿಗೂ ನನ್ನನ್ನು ಸುಡುತ್ತದೆ. ಶುದ್ಧ ಸುಳ್ಳಾಗಿದ್ದರೆ ಎಂದೋ ತಪ್ಪಾಯಿತೆಂದು ಕಾಲು ಹಿಡಿದು ಮುಗಿಸಬಹುದಿತ್ತೇನೋ. ಇಮಾಮಸಾಬರು ನನ್ನತ್ತ ಒಮ್ಮೆ ನೋಡಿದರು. ಹೆಡ್ ಮಾಸ್ತರರು ಕೈ ಚಾಚಿದಾಗ ಉಡಿದಾರದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. ಮರುದಿನದಿಂದ ಅವರಿಗೆ ಗಂಟೆ ಬಾರಿಸುವ, ನೀರಿನ ಟಾಕಿ ತುಂಬಿಸುವ ಕೆಲಸ. ಊರವರ ಬಾಯಲ್ಲಿ 'ಲ್ಯಾಬಿನ ಇಮಾಮಸಾಬ' ಹೋಗಿ 'ಗಂಟಿ ಇಮಾಮಸಾಬ' ಬರಲು ಒಂದು ವಾರವೂ ಹಿಡಿಯಲಿಲ್ಲ. ನನಗೆ ತಾಲೂಕಿನಲ್ಲಿ ಸನ್ಮಾನವಾಯಿತು. ಶಾಲು ಹೊದ್ದು ಕೂತಾಗ ನಾನು ಆಳ ಸಮುದ್ರದ ಬೆಳಕಿನ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದೆನಂತೆ.

ಮೂರು ವರ್ಷದ ಮೇಲೆ ನನಗೆ ನವಲಗುಂದಕ್ಕೆ ವರ್ಗವಾಯಿತು. ಬಸ್ ನಿಲ್ಲುವಲ್ಲಿಗೆ ಇಮಾಮಸಾಬರು ಬಂದರು. ಟ್ರಂಕು ಮೇಲೇರಿಸಲು ಕೈ ಕೊಟ್ಟು, ಆಮೇಲೆ ಕಿಸೆಯಿಂದ ಈ ಇಂಜೆಕ್ಷನ್ ಬಾಟಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಕೊಯ್ದ ದಿನವೇ ಅವರು ಅದನ್ನು ಎತ್ತಿಟ್ಟಿದ್ದರು. ಬಾಲವಿತ್ತು, ದಾರದೆಳೆಯಂಥ ರೆಕ್ಕೆಯಿತ್ತು. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದು ಅಂದೇ ಮೊದಲು.

"ಅವತ್ತ ಹೆಡ್ ಮಾಸ್ತರಿಗೆ ಯಾಕ ತೋರಸಲಿಲ್ಲ?" ಎಂದು ಕೇಳಿದೆ.

"ನಾ ತೋರಸೂದಲ್ರಿ ಸರ, ನೀವು ಹೇಳೂದಿತ್ತು," ಎಂದರು. "ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ಮೂರು ವರ್ಷ ಹಾದಿ ನೋಡಿದೆ. ಇನ್ನ ನೀವಾ ಹೊಂಟ್ರಿ. ತಗೋರಿ, ನಿಮ್ದು ನಿಮಗ." ಬಸ್ಸು ಹೊರಡುವ ಮೊದಲೇ ಅವರು ತಿರುಗಿ ನಡೆದರು. ಸಾಲೆಯ ಮೊದಲ ಗಂಟೆಗೆ ಹೊತ್ತಾಗಿತ್ತು.

ಒಂದೇ ಮೈಯಾಗಿದ್ದ ಜೀವದ ದೊಡ್ಡ ಪಾಲು ಕರಾವಳಿಯಲ್ಲಿ ನನ್ನ ಹೆಸರು ಹೊತ್ತು ಕಪಾಟಿನಲ್ಲಿದೆ, ಸಣ್ಣ ಪಾಲು ಇಲ್ಲಿ ನನ್ನ ಕಣ್ಣೆದುರಿಗಿದೆ. ಈ ಮಾರ್ಚಿಗೆ ಇಮಾಮಸಾಬರು ನಿವೃತ್ತರಾಗುತ್ತಾರೆಂದು ಆ ಹಳೆಯ ಸಾಲೆಯವರೊಬ್ಬರು ಹೇಳಿದರು, ಗಂಟೆ ಬಾರಿಸುವವರಾಗಿಯೇ. ಅದನ್ನು ಕೇಳಿದಂದು ನಾನು, ಕರಾವಳಿಯ ಆ ಸಂಗ್ರಹಾಲಯಕ್ಕೇ ಕಳಿಸಿಬಿಡಬೇಕೆಂದು, ಒಂದು ಚೀಟಿ ಕತ್ತರಿಸಿ, ಸಣ್ಣ ಅಕ್ಷರದಲ್ಲಿ ಬರೆದು ಬಾಟಲಿಗೆ ಅಂಟಿಸಿದೆ. ಸಂಗ್ರಹಿಸಿದವರು: ಇಮಾಮಸಾಬ. ಗುರುತಿಸಿದವರು: ಇಮಾಮಸಾಬ. ಕೊಯ್ಯಿಸಿದವನು: ಅದರ ಮುಂದೆ ನನ್ನ ಹೆಸರು.

ಅಂಚೆ ಕಚೇರಿ ನಮ್ಮ ಮನೆಯ ಎದುರಿಗೇ ಇದೆ. ಚೀಟಿಯ ಅಂಟು ಒಣಗಿ ಹತ್ತು ದಿನವಾಯಿತು, ಬಾಟಲಿ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.