ಒಂದು ಮೊರ ತೌಡಿನ ಮಗಳು

ಅತನೂರಿನ ಹಣಮಂತರಾಯ ಗೌಡರ ಹೆಂಡತಿ ಗೌರಾಬಾಯಿಗೆ ಮೂರು ಕೂಸು ಹುಟ್ಟಿದವು, ಮೂರೂ ಒಂದೊಂದು ವರ್ಷ ತುಂಬುವುದರೊಳಗೆ ಹೋದವು. ನಾಲ್ಕನೆಯದು ಹೆಣ್ಣು. ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ಮೂಗು ಚುಚ್ಚಿಸಿ, ಅಂಗಳ ಗುಡಿಸುವ ಸಾಬವ್ವನಿಗೆ ಒಂದು ಮೊರ ತೌಡಿಗೆ ಮಾರಿದರು. ಸಾವು ಹುಡುಕಿಕೊಂಡು ಬಂದರೆ, ಇದು ಗೌಡರ ಕೂಸಲ್ಲ, ಕೆಳಗಿನ ಕೇರಿಯವಳದು, ಬೆಲೆಯೂ ಇಷ್ಟೇ ಎಂದು ತಿಳಿದು, ಬಂದ ದಾರಿಗೆ ಸುಂಕವಿಲ್ಲದೆ ತಿರುಗಿ ಹೋಗಲಿ ಎಂಬ ಉಪಾಯ. ಸಾವಿನ ಕಣ್ಣಿಗೆ ಮಣ್ಣೆರಚಲು ಕೇರಿಯವಳು ಬೇಕಾದಳು, ಕೂಸಿಗೆ ಎಣ್ಣೆ ಹಚ್ಚಲು ಬೇಡವಾದಳು. ಕುಲ ಕೇಳಬಾರದೆಂದು ಪಾಠ ಹೇಳಿಸಿಕೊಂಡ ಲಿಂಗವಂತರ ಮನೆ ಅದು. ಪಾಠ ಪಾಠದ ಜಾಗದಲ್ಲಿತ್ತು.

ಆ ತೌಡು ಕೂಡ ಗೌಡರ ಮನೆಯದೇ. ಸಾಬವ್ವನ ಗುಡಿಸಲಲ್ಲಿ ತೌಡಾದರೂ ಎಲ್ಲಿಂದ ಬರಬೇಕು? ಹಿಂದಿನ ದಿನ ಅವರೇ ಕೊಟ್ಟದ್ದನ್ನು ಮರುದಿನ ತಂದು ಅಂಗಳದಲ್ಲಿ ಸುರಿದಳು. ಕೂಸನ್ನು ಮೊರದಲ್ಲಿ ಹಾಕಿ ನೆಲದ ಮೇಲಿಟ್ಟರು. ಅವಳು ಎತ್ತಿಕೊಂಡಳು. ಎದೆಗೆ ಒತ್ತಿಕೊಂಡು ಹತ್ತು ಎಣಿಸುವಷ್ಟು ಹೊತ್ತು ನಿಂತಿದ್ದಳೋ ಇಲ್ಲವೋ, ಗೌಡರ ತಾಯಿ ಮುದುಕಿ ಕೆಮ್ಮಿದಳು. ಆಗ ಕೂಸನ್ನು ಮತ್ತೆ ಮೊರದಲ್ಲಿಟ್ಟು, ಹೇಳಿಕೊಟ್ಟ ಮಾತು ಹೇಳಿದಳು, ತನ್ನ ಮಗಳನ್ನು ಗೌಡರು ತಮ್ಮ ಮನೆಯಲ್ಲಿಟ್ಟು ಸಾಕಬೇಕೆಂದು. ಕೂಸಿಗೆ ತೌಡವ್ವ ಎಂದು ಹೆಸರಾಯಿತು. ಊರ ಬಾಯಿಗೆ ಮುಚ್ಚಳ ಉಂಟೇ? ಸಂಜೆಯೊಳಗೆ ಸಾಬವ್ವನಿಗೂ ಒಂದು ಹೆಸರು ಬಿತ್ತು. ತೌಡಿನ ಸಾಬಿ.

ಅವಳಿಗೆ ತನ್ನವರೆಂದು ಯಾರೂ ಇರಲಿಲ್ಲ. ಗಂಡ ದಶರಥ ಸೊಲ್ಲಾಪುರದ ಗಿರಣಿಗೆ ಹೋದವನು ತಿರುಗಿ ಬರಲಿಲ್ಲ. ಬದುಕಿದ್ದಾನೋ ಸತ್ತನೋ ಎಂದು ಹೇಳುವವರಿಲ್ಲದೆ, ಕುಂಕುಮ ಇಡಲೂ ಮನಸ್ಸಿಲ್ಲ, ಅಳಿಸಲೂ ಮನಸ್ಸಿಲ್ಲ. ಮಕ್ಕಳಂತೂ ಆಗಲೇ ಇಲ್ಲ.

ಮಾರಿದ ಕೂಸಿಗೆ ಒಂದು ಕಟ್ಟಳೆ ಇತ್ತು. ಕೊಂಡವಳನ್ನು ಅವ್ವ ಎನ್ನಬೇಕು, ಹಡೆದವಳನ್ನು ಹಾಗೆ ಕರೆಯಕೂಡದು. ಕರೆದರೆ ಸಾವಿಗೆ ಗುಟ್ಟು ತಿಳಿದುಬಿಡುತ್ತದೆ. ಹೀಗಾಗಿ ತೌಡವ್ವ ಗೌರಾಬಾಯಿಯನ್ನು, ಚಿಕ್ಕಪ್ಪಂದಿರು ಅತ್ತಿಗೆಯನ್ನು ಕರೆಯುವಂತೆ, ‘ವೈನಿ’ ಎಂದೇ ಕರೆದು ಬೆಳೆದಳು. ದಿನಾ ಹೊತ್ತು ಮೂಡುವಾಗ ಪಡಸಾಲೆಯ ಕಟ್ಟೆಯ ಮೇಲೆ ನಿಂತು, ಕೊಟ್ಟಿಗೆಯ ಕಡೆಗೆ ಮುಖ ಮಾಡಿ ‘ಅವ್ವಾ’ ಎಂದು ಕೂಗುತ್ತಿದ್ದಳು. ಸಾಬವ್ವ ಕಸಬರಿಗೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಮೊದಲನೇ ಕೂಗಿಗೆ ಅವಳು ಎಂದೂ ಓಗೊಡಲಿಲ್ಲ. ಓಗೊಟ್ಟರೆ ಒಂದೇ ಸಲ, ಸುಮ್ಮನಿದ್ದರೆ ಇನ್ನೊಂದು ಸಲ ಕೇಳಬಹುದು. ಎರಡನೇ ಕೂಗಿಗೆ ‘ಓ ಯವ್ವಾ’ ಎನ್ನುತ್ತಿದ್ದಳು.

ನಡುವೆ ಅಂಗಳವಿತ್ತು. ನಾಲ್ಕು ವರ್ಷದವಳಿದ್ದಾಗ ಹುಡುಗಿ ಒಮ್ಮೆ ಓಡಿಬಂದು ಸಾಬವ್ವನ ಕಾಲು ತಬ್ಬಿಕೊಂಡಿತು. ಮೈಲಿಗೆಯಾಯಿತೆಂದು ಮನೆಯವರು ಮಗುವಿನ ತಲೆಯ ಮೇಲೆ ತಣ್ಣೀರು ಸುರಿದರು, ಅದು ಗಡಗಡ ನಡುಗಿತು. ಅಂದಿನಿಂದ ಸಾಬವ್ವ ತಾನೇ, ಅದು ಕಟ್ಟೆ ಇಳಿಯುವ ಮೊದಲೇ, ಅಲ್ಲೇ ನಿಲ್ಲು ಎಂದು ಗದರಿಸತೊಡಗಿದಳು. ಗದರಿಸಿ ಬಂದು ಗುಡಿಸಲಲ್ಲಿ ಒಬ್ಬಳೇ ಕೂತು ರೊಟ್ಟಿ ಮುರಿಯುತ್ತಿದ್ದಳು.

ಹುಡುಗಿಗೆ ಹದಿನಾಲ್ಕು ನಡೆಯುವಾಗ ಮಟಕಿ ಊರಿನಿಂದ ಸಂಬಂಧ ಬಂತು. ಮದುವೆಯ ಅಕ್ಕಿಕಾಳು ತಲೆಯ ಮೇಲೆ ಬೀಳುವ ಮೊದಲು ಮಗಳನ್ನು ತೌಡು ಕೊಟ್ಟು ಬಿಡಿಸಿಕೊಳ್ಳಬೇಕೆಂದು ಬೀಗರು ಹೇಳಿ ಕಳಿಸಿದರು. ಮಂದಿಯ ಮಗಳಾಗಿ ಬರಬಾರದು, ಬಂದಮೇಲೆ ಶಿವಕಾಂತಾ ಎಂದು ಹೊಸ ಹೆಸರು. ಬಿಡಿಸಿಕೊಂಡ ಗಳಿಗೆಯಿಂದ ಹಡೆದವಳೇ ಅವ್ವ.

ಸಾಬವ್ವ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ, ಜ್ವರ ಎಂದಳು. ಅವಳು ಬಂದು ತೌಡು ಇಸಿದುಕೊಳ್ಳದೆ ಮದುವೆ ಮುಂದೆ ಸಾಗುವಂತಿರಲಿಲ್ಲ. ನೆರೆಮನೆಯ ದ್ರೌಪದಿ, ಈಗಲ್ಲದೆ ಇನ್ನೆಂದು, ಒಂದು ಎಕರೆ ಹೊಲ ಕೇಳು ಎಂದು ಬುದ್ಧಿ ಹೇಳಿದಳು. ಹೊಲ ತಗೊಂಡು ಏನು ಮಾಡಲಿ, ಹೊಲ ನನ್ನನ್ನು ಅವ್ವ ಅನ್ನುತ್ತದೆಯೇ ಎಂದು ಸಾಬವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಕೊಡುವುದಿಲ್ಲ ಎಂದೇ ಗಟ್ಟಿ ಮಾಡಿದ್ದಳು.

ನಾಲ್ಕನೇ ದಿನ ಇಳಿಹೊತ್ತಿನಲ್ಲಿ ಗೌರಾಬಾಯಿ ತಾನೇ ಬಂದಳು. ಹುಟ್ಟಿ ಇಷ್ಟು ವರ್ಷಕ್ಕೆ ಆ ಕಡೆ ಕಾಲಿಟ್ಟವಳಲ್ಲ, ಕೇರಿಯ ಬಾಗಿಲಲ್ಲಿದ್ದ ಬೇವಿನ ಗಿಡದ ಕೆಳಗೆ ತಲೆತುಂಬ ಸೆರಗು ಹೊದ್ದು ನಿಂತಳು. ಯಾವಾಗಲೂ ಸಾಬಿ ಎನ್ನುತ್ತಿದ್ದವಳು ಇಂದು ಪೂರಾ ಹೆಸರು ಹಿಡಿದು ಕರೆದಳು.

"ಸಾಬವ್ವಾ, ಹಡದಾಕಿ ನಾನು. ಹದಿನಾಕು ವರ್ಷ ವೈನಿ ಅನ್ನಿಸ್ಕೊಂಡೇನಿ. ದಿನಾ ಮುಂಜಾನೆ ಅಕಿ ನಿನಗ ಕರಿಯೂದು, ನೀ ಓ ಅನ್ನೂದು, ಒಲಿ ಮುಂದ ಕುಂತು ಕೇಳೇನಿ. ನಾಡಿದ್ದ ಹೋಗ್ತಾಳ. ಹೋಗೂದ್ರಾಗ ಒಮ್ಮೆರೆ ನನಗ ಅವ್ವ ಅನ್ನಲಿ ಬೇ."

ಒಲೆಯ ಮುಂದೆ ಕೂತು ಕೇಳುವವಳೊಬ್ಬಳು ಇದ್ದಾಳೆಂಬುದು ಸಾಬವ್ವನಿಗೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಎರಡನೇ ಕೂಗಿನ ತನ್ನ ಆಸೆ ನೆನಪಾಗಿ ನಾಚಿಕೆಯಾಯಿತು.

"ನಾಳಿಗಿ ಬರ್ತೇನ್ರಿ," ಎಂದಳು.

ಮರುದಿನ ಅಂಗಳದಲ್ಲಿ ಸೆರಗು ಒಡ್ಡಿ ನಿಂತಳು. ಗೌಡಶಾನಿ ಗೌರಾಬಾಯಿ ಮೇಲಿನಿಂದ ಒಂದು ಮೊರ ತೌಡು ಸುರಿದಳು. ನಿಮ್ಮ ಕೂಸು ನಿಮಗೆ, ನನ್ನ ತೌಡು ನನಗೆ ಎಂದು ಮೂರು ಸಲ ಹೇಳಬೇಕಿತ್ತು, ಸಾಬವ್ವ ಹೇಳಿದಳು. ಮೂರನೆಯ ಸಲ ನಿಮ್ಮ ಕೂಸು ಎಂಬಲ್ಲಿಗೇ ನಿಲ್ಲಿಸಿದಳು, ಆದರೂ ಮುದುಕಿ ಸಾಕು ಎಂದಳು. ಸಾಬವ್ವ ತೌಡನ್ನು ಒಯ್ದು ತನ್ನ ಗುಡಿಸಲ ಮೂಲೆಯ ಗಡಿಗೆಯಲ್ಲಿಟ್ಟಳು.

ಅದರ ಮರುದಿನ ಅಕ್ಕಿಕಾಳು ಬಿದ್ದು, ಮಧ್ಯಾಹ್ನ ಬೀಗರ ಬಂಡಿ ಹೊರಟಿತು. ಸಾಬವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಹೊಸಿಲಲ್ಲಿ ಗೌರಾಬಾಯಿ ಹೆಂಗಸರಿಗೆ ಎಲೆ ಅಡಿಕೆ ಹಂಚುತ್ತಿದ್ದಳು. ಬಂಡಿ ತಿರುವಿನ ಹತ್ತಿರ ಹೋದಾಗ ಹುಡುಗಿ ಹಿಂದೆ ತಿರುಗಿ ಮನೆಯ ಕಡೆ ನೋಡಿ ಕೂಗಿದಳು, "ಅವ್ವಾ!"

ಗೌರಾಬಾಯಿ ತಲೆ ಎತ್ತಲಿಲ್ಲ. ಹದಿನಾಲ್ಕು ವರ್ಷ ಆ ಕೂಗು ಬೇರೆಯವಳದೆಂದು ಕೇಳಿದ ಕಿವಿ, ಒಂದು ದಿನದಲ್ಲಿ ಹೇಗೆ ತಿರುಗೀತು?

ಸಾಬವ್ವ ರೂಢಿಯಂತೆ ಸುಮ್ಮನೆ ನಿಂತಳು. ಎರಡನೇ ಕೂಗು ಬಂತು. ಬಾಯಿಗೆ ಬಂದ ‘ಓ’ವನ್ನು ನುಂಗಿ, ಅಂಗಳದ ಈಚೆಯಿಂದ ಗಟ್ಟಿಯಾಗಿ ಹೇಳಿದಳು:

"ಗೌಡಶಾನೇರ, ನಿಮಗ ಕರಿಯಾಕತ್ತಾರ್ರಿ."

ಗೌರಾಬಾಯಿ ಎಲೆ ಅಡಿಕೆ ಚೆಲ್ಲಿ ಬಂಡಿಯ ಕಡೆ ಓಡಿದಳು. ಸಾಬವ್ವ ಗುಡಿಸಲಿಗೆ ಹೋಗಿ ಗಡಿಗೆ ತಂದು, ತೌಡನ್ನು ಗೌಡರ ಎಮ್ಮೆಯ ಮುಂದೆ ಸುರಿದಳು.

ತೌಡಿನ ಸಾಬಿ ಎಂಬ ಹೆಸರನ್ನು ಮಾತ್ರ ಯಾರೂ ಬಿಡಿಸಿಕೊಳ್ಳಲಿಲ್ಲ, ಊರು ಕೊನೆಯವರೆಗೂ ಹಾಗೇ ಕರೆಯಿತು. ಯಾರು ಕರೆದರೂ ಅವಳು ಮೊದಲನೇ ಕೂಗಿಗೇ ಓಗೊಡುತ್ತಿದ್ದಳು.