ಅಪ್ಪ ಪಾದ್ರಿಯ ಹತ್ತಿರ ಹೇಳಿದ್ದು

ರೇನರ್ಸ್ ಲೇನಿನ ಫ್ಲ್ಯಾಟು ಬಿಟ್ಟು ನಾವು ಲಂಡನ್ನಿನ ಅಂಚಿಗೆ ಬಂದದ್ದು ಅಪ್ಪನಿಗಾಗಿ. ಉಡುಪಿಯಿಂದ ಬಂದ ಅವರಿಗೆ ಲಿಫ್ಟ್ ಎಂದರೆ ಭಯ. ಹೊಸ ಮನೆಯ ಮುಂದೆ ಓಡುವುದು ಲಂಡನ್ನಿನ ಕೆಂಪು ಬಸ್ಸೇ, ಆದರೆ ಹಿತ್ತಿಲ ಬೇಲಿಯಾಚೆ ದನ ಮೇಯುತ್ತವೆ. ಅಪ್ಪ ಅಂಚೆ ಕಚೇರಿಯಲ್ಲಿದ್ದವರು, ಮನೆಯಲ್ಲಿ ಒಂದು ಹಸು ಸಾಕಿದ್ದವರು. ಮಾತು ಮಾತ್ರ ಬಹಳ ಕಮ್ಮಿ. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮ ತೀರಿಕೊಂಡರು. ಆ ದಿನವೂ ಅವರ ಕಣ್ಣಲ್ಲಿ ಒಂದು ಹನಿ ನೀರು ಕಂಡಿರಲಿಲ್ಲ.

ನಮ್ಮದು ಕರಾವಳಿಯ ಪ್ರೊಟೆಸ್ಟೆಂಟ್ ಮನೆ. ಭಾನುವಾರ ಎಲ್ಲಾದರೂ ಚರ್ಚಿಗೆ ಹೋಗಲೇಬೇಕು. ಹಾಗೆ ಸಿಕ್ಕಿದ್ದು ರೈತರೇ ತುಂಬಿದ್ದ ಆ ಪುಟ್ಟ ಚರ್ಚು, ಅದರ ವೆಲ್ಶ್ ಪಾದ್ರಿ. ವೇಲ್ಸಿನ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ಅವರಿಗೆ ಶಾಲೆಗೆ ಸೇರುವ ತನಕ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. "ನಾನೂ ಇಲ್ಲಿಗೆ ವಲಸೆ ಬಂದವನೇ," ಎಂದು ಅಪ್ಪನ ಕೈ ಹಿಡಿದುಕೊಂಡೇ ಹೇಳಿದರು. ಚರ್ಚಿನಲ್ಲಿ ಪ್ರಸಂಗ ಮಾಡುವುದರಲ್ಲಿ ಅಂಥ ಜಾಣರೇನಲ್ಲ. ಬೂಟು ಹಾಕಿಕೊಂಡು ಗದ್ದೆಯ ಗೇಟು ತೆಗೆದು, ರೈತರ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುವುದೇ ಅವರ ಸೇವೆ.

ಗುರುವಾರ ಗುರುವಾರ ಅವರು ಅಪ್ಪನನ್ನೂ ಕಾರಿನಲ್ಲಿ ಕರೆದುಕೊಂಡು ಹೋಗತೊಡಗಿದರು. ಶುರುವಿನಲ್ಲಿ ನನಗೂ ಖುಷಿಯೇ. ಆಮೇಲೆ ಒಂದು ಗುರುವಾರ ಅಪ್ಪ ಬೆಳಿಗ್ಗೆಯೇ ಕೋಟು ಹಾಕಿ ಕಿಟಕಿ ಬಳಿ ನಿಂತದ್ದು ನೋಡಿದೆ. ನಾನು ಡ್ಯೂಟಿ ಮುಗಿಸಿ ಬರುವಾಗ ಒಮ್ಮೆಯೂ ಹೀಗೆ ಕಾದವರಲ್ಲ. ಹಿತ್ತಿಲಲ್ಲಿ ಇಬ್ಬರೂ ಕೂತು ನಗುವುದು ಕೇಳಿದರೆ ನನ್ನ ಕೈಯಲ್ಲಿದ್ದ ಪಾತ್ರೆ ಸಿಂಕಿಗೆ ಜೋರಾಗಿ ಬೀಳುತ್ತಿತ್ತು. ನೀರ್‌ದೋಸೆ ಹೊಯ್ದರೆ, "ಪಾದ್ರಿಗೆ ಎರಡು ತೆಗೆದಿಡು," ಎನ್ನುತ್ತಿದ್ದರು, ತಾವಿನ್ನೂ ತಿನ್ನುವ ಮೊದಲೇ.

"ಅವರ ಹತ್ತಿರ ಎಂತ ಅಷ್ಟು ಮಾತಾಡ್ತೀರಿ?" ಎಂದು ಕೇಳಿದೆ.

"ಎಂತದೂ ಇಲ್ಲ ಮಾರಾಯ್ತಿ. ದನದ ವಿಷಯ."

ಆ ಚಳಿಗಾಲದಲ್ಲಿ ಬೇಲಿಯಾಚೆಯ ರೈತನ ದನಗಳಿಗೆ ಕ್ಷಯ ತಗಲಿದ್ದು ಪರೀಕ್ಷೆಯಲ್ಲಿ ಗೊತ್ತಾಯಿತು. ರೋಗ ಬಂದವನ್ನೆಲ್ಲ ಕೊಲ್ಲಲೇಬೇಕು, ಕಾನೂನು. ದನಗಳನ್ನು ಒಯ್ಯಲು ಲಾರಿ ಬಂದ ದಿನ ಪಾದ್ರಿ ಆ ಮನೆಯಲ್ಲೇ ಇದ್ದರು. ಅಪ್ಪನೂ ಜೊತೆಗೆ. ಸಂಜೆ ಮನೆಗೆ ಬಂದವರು ಶೂ ತೊಳೆದು ಊಟ ಮಾಡಿದರು. ಏನಾಯಿತೆಂದು ಒಂದು ಮಾತು ಹೇಳಲಿಲ್ಲ.

ಹೇಳಿದ್ದು ರೈತನ ಹೆಂಡತಿ. ನಾನು ನರ್ಸಾಗಿರುವ ಜಿಪಿ ಕ್ಲಿನಿಕ್ಕಿಗೆ ಬಿಪಿ ತೋರಿಸಲು ಬಂದಿದ್ದಳು. "ನನ್ನ ಗಂಡ ಬಾಯೇ ಬಿಡದೆ ಗೋಡೆ ನೋಡ್ತಾ ಕೂತಿದ್ದ," ಎಂದಳು. "ಪಾದ್ರಿ ನಿಮ್ಮ ತಂದೆಯ ಹೆಗಲು ಮುಟ್ಟಿ, ನೀವು ಹೇಳಿ ಅಂದರು. ಹೆಂಡತಿ ಸತ್ತ ಮೇಲೆ ದಿನಾ ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆ ಒತ್ತಿ ಅಳ್ತಿದ್ದೆ, ಮಗಳಿಗೆ ಕಾಣಬಾರದು ಅಂತ, ಅಂದರು ನಿಮ್ಮ ತಂದೆ. ಹೇಳ್ತಾ ಹೇಳ್ತಾ ಅತ್ತೇಬಿಟ್ಟರು. ಆಗ ನನ್ನ ಗಂಡನೂ ಅತ್ತ."

ಅವಳ ತೋಳಿನ ಬಿಪಿ ಪಟ್ಟಿಯನ್ನು ಸರ್ರನೆ ಎಳೆದು ಬಿಚ್ಚಿದೆ. ದುಃಖಕ್ಕಲ್ಲ, ಹೊಟ್ಟೆಕಿಚ್ಚಿಗೆ. ಅಪ್ಪನ ಕಣ್ಣೀರು ನನಗೆ ಸೇರಬೇಕಾದ್ದು. ಅಮ್ಮನನ್ನು ಕಳೆದುಕೊಂಡವಳು ನಾನು. ಈ ಪಾದ್ರಿಗೆ ಮೊದಲೇ ಎಲ್ಲ ಗೊತ್ತಿತ್ತು!

ಭಾನುವಾರ ಆರಾಧನೆ ಮುಗಿದ ಮೇಲೆ ಅವರನ್ನು ಬಾಗಿಲಲ್ಲೇ ತಡೆದೆ. "ನಮ್ಮಪ್ಪ ನಿಮ್ಮ ಹತ್ತಿರವೇ ಯಾಕೆ ಹೇಳಿದ್ದು?"

ಅವರು ಹೊರಗೆ ಹೋಗುತ್ತಿದ್ದವರಿಗೆ ಕೈ ಬೀಸಿ ನನ್ನ ಕಡೆ ತಿರುಗಿದರು. "ನನ್ನ ಹೆಂಡತಿ ತೀರಿಕೊಂಡಾಗ ಅದನ್ನು ನನಗೆ ನನ್ನ ಮನೆಮಾತು ವೆಲ್ಶಿನಲ್ಲಿ ಹೇಳಲಾಗಲಿಲ್ಲ. ಮಗಳು ಫೋನ್ ಮಾಡಿದರೆ ಹವಾಮಾನದ ಬಗ್ಗೆ ಮಾತಾಡಿದೆ. ಇಂಗ್ಲಿಷಿನಲ್ಲಿ ಮಾತ್ರ ಹೇಳಲಾಯಿತು, ಇಲ್ಲಿನ ಒಬ್ಬ ರೈತನಿಗೆ. ನಮ್ಮದಲ್ಲದ ಭಾಷೆ ನೋಡಿ, ಅಷ್ಟು ಚುಚ್ಚುವುದಿಲ್ಲ. ನಿಮ್ಮ ತಂದೆಗೂ ಹಾಗೇ ಇರಬಹುದು."

ಮಾತೇನೋ ಅರ್ಥವಾಯಿತು. ಹೊಟ್ಟೆಯ ಉರಿ ಇಳಿಯಲಿಲ್ಲ.

ಮರುದಿನ ಅಪ್ಪನನ್ನು ಸೌತ್‌ಹಾಲಿಗೆ ನಮ್ಮೂರಿನ ತರಕಾರಿಗೆ ಕರೆದೊಯ್ಯುವಾಗ, ಕಾರು ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಇಂಗ್ಲಿಷಿನಲ್ಲೇ ಕೇಳಿದೆ: ಅಮ್ಮ ಹೋದಾಗ ನಿಮಗೆ ಹೇಗಾಗಿತ್ತು?

ಅಪ್ಪ ನನ್ನತ್ತ ತಿರುಗಿ ನಕ್ಕೇಬಿಟ್ಟರು. "ನಿನಗೆಂತ ಆಯ್ತೆ? ನನ್ನ ಹತ್ತಿರ ಇಂಗ್ಲಿಷ್ ಮಾತಾಡ್ಲಿಕ್ಕೆ?" ಹಸಿರು ದೀಪ ಬಿತ್ತು. ಎಷ್ಟೋ ದೂರ ಹೋದ ಮೇಲೆ ಕಿಟಕಿಯ ಕಡೆ ನೋಡುತ್ತಲೇ, "ನಿನ್ನ ಎದುರು ಅಳ್ಲಿಕ್ಕೆ ನನಗೆ ಇನ್ನೂ ಧೈರ್ಯ ಇಲ್ಲ," ಎಂದರು. ಅಷ್ಟೇ.

ಪಾದ್ರಿ ಈಗಲೂ ಬರುತ್ತಾರೆ. ಅವರ ಕಾರಿನ ಸದ್ದಿಗೆ ಅಪ್ಪನ ಮುಖ ಅರಳಿದರೆ ನನಗೆ ಈಗಲೂ ಉರಿಯುತ್ತದೆ. ಆದರೆ ಮನೆಯಲ್ಲೇ ಇರಲೆಂದು ಗುರುವಾರದ ಡ್ಯೂಟಿ ಬದಲಾಯಿಸಿಕೊಂಡಿದ್ದೇನೆ. ಕಳೆದ ವಾರ ಚಹಾ ಕೊಟ್ಟು ಒಳಗೆ ಹೋಗುವ ಬದಲು ಕುರ್ಚಿ ಎಳೆದುಕೊಂಡು ಅವರಿಬ್ಬರ ನಡುವೆ ಕೂತೆ. ಅಪ್ಪ ಒಂದು ಕ್ಷಣ ತಡವರಿಸಿದರು. ಆಮೇಲೆ ನನ್ನ ಎದುರೇ ಇಂಗ್ಲಿಷಿನಲ್ಲಿ ಮಾತು ಮುಂದುವರಿಸಿದರು.